ವೈರಿಂಗ್ ಕೆಲಸಕ್ಕೆ ಲೇಸರ್ ಲೆವೆಲ್: 2 ಗೆರೆ ಸಾಕಾ, 12 ಬೇಕಾ?

ಗೋಡೆ ಮೇಲೆ ಬೆಳಕಿನ ನೇರ ಗೆರೆ ಹಾಕಿ ಮಟ್ಟ ತೋರಿಸುವ ಲೇಸರ್ ಲೆವೆಲ್ ಕೊಳ್ಳೋಣ ಅಂತ ಹೊರಟ ಎಲೆಕ್ಟ್ರಿಷಿಯನ್‌ಗೆ ಮೊದಲು ತಲೆ ಕೆಡಿಸುವುದು ಗೆರೆಗಳ ಲೆಕ್ಕ. 2 ಗೆರೆಯದು, 5 ಗೆರೆಯದು, 12, 16. ಅದರಲ್ಲಿ ಕೆಂಪು ಬೇರೆ, ಹಸಿರು ಬೇರೆ. ಹೆಸರೇ ಕೇಳದ ಕಂಪನಿಯ 16 ಗೆರೆ ಮೆಷಿನ್ ಐದಾರು ಸಾವಿರಕ್ಕೆ ಸಿಗುತ್ತದೆ. ಪಕ್ಕದಲ್ಲೇ ಹೆಸರಿರುವ ಕಂಪನಿಯ 2 ಗೆರೆಯದಕ್ಕೆ ಅದಕ್ಕಿಂತ ಜಾಸ್ತಿ ಬೆಲೆ. ಯಾವುದು ತಗೊಳ್ಳಲಿ ಅಂತ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಜಾಸ್ತಿ ಗೆರೆಯದನ್ನೇ ಮುಂದಿಡುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವೈರಿಂಗ್‌ಗೆ ಬೇಕಾಗಿರುವುದು ಸರಿಯಾದ ಒಂದು ಅಡ್ಡ ಗೆರೆ, ಸರಿಯಾದ ಒಂದು ನೆಟ್ಟ ಗೆರೆ, ನೆಲದ ಗುರುತನ್ನು ನೇರ ಸೀಲಿಂಗ್‌ಗೆ ಎತ್ತಿಕೊಡುವ ಒಂದು ಚುಕ್ಕೆ. ಉಳಿದದ್ದೆಲ್ಲ ಅನುಕೂಲ. ಆ ಅನುಕೂಲಕ್ಕೆ ದುಡ್ಡು ಕೊಡಬೇಕಾ ಬೇಡವಾ ಅನ್ನುವುದು ನೀವು ಮಾಡುವ ಕೆಲಸದ ಮೇಲೆ ನಿಂತಿದೆ.

ಕೆಲಸ ಏನು ಕೇಳುತ್ತದೆ

ಮನೆ ವೈರಿಂಗ್‌ನಲ್ಲಿ ಲೆವೆಲ್ ಬೇಕಾಗುವುದು ಮುಖ್ಯವಾಗಿ ಮೂರು ಕಡೆ. ಎಲ್ಲಾ ಕೋಣೆಗಳ ಸ್ವಿಚ್ ಬಾಕ್ಸ್ ಒಂದೇ ಎತ್ತರಕ್ಕೆ ಕೂರಿಸುವುದು ಒಂದು. ಬಾಕ್ಸಿನಿಂದ ಮೇಲಕ್ಕೆ ಪೈಪ್ ಹೋಗುವ ಗ್ರೂವ್ ನೆಟ್ಟಗೆ ಹೊಡೆಯುವುದು ಇನ್ನೊಂದು. ಫಾಲ್ಸ್ ಸೀಲಿಂಗ್ ಲೈಟುಗಳನ್ನು ಒಂದೇ ಸಾಲಿಗೆ ತರುವುದು ಮೂರನೆಯದು. ಆಫೀಸು, ಮಾಲ್‌ಗಳ ಕೆಲಸ ಹಿಡಿಯುವವರಿಗೆ ನಾಲ್ಕನೆಯದೂ ಇದೆ: ಕೇಬಲ್ ಟ್ರೇ, ಅದನ್ನು ಹಿಡಿಯುವ ರಾಡುಗಳು.

ಗ್ರೂವ್ ನೆಟ್ಟಗಿರುವುದು ಬರೀ ಚೆಂದಕ್ಕಲ್ಲ. ಮುಂದೆ ಯಾರೋ ಬಂದು ಫೋಟೋ ನೇತುಹಾಕಲು ಡ್ರಿಲ್ ಹಾಕುತ್ತಾರೆ. ಸ್ವಿಚ್‌ನ ನೇರ ಮೇಲೆ, ನೇರ ಅಡ್ಡಕ್ಕೆ ಪೈಪ್ ಇರುತ್ತದೆ ಅಂತ ಗೊತ್ತಿದ್ದರೆ ಅವರು ಆ ಜಾಗ ಬಿಡುತ್ತಾರೆ. ಅಡ್ಡಾದಿಡ್ಡಿ ಹೋದ ಪೈಪ್ ಎಲ್ಲಿದೆ ಅಂತ ಯಾರಿಗೆ ಗೊತ್ತಾಗಬೇಕು? ಪ್ಲಾಸ್ಟರ್ ಮುಚ್ಚುವ ಮೊದಲು ಲೇಸರ್ ಗೆರೆ ಹಾಕಿ, ಗೋಡೆಗೆ ಟೇಪ್ ಹಿಡಿದು ಒಂದೊಂದು ಫೋಟೋ ತೆಗೆದು ಮನೆಯವರಿಗೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ನಕ್ಷೆ ಇನ್ನೊಂದಿಲ್ಲ. ಗೋಡೆಯೊಳಗಿನ ವೈರನ್ನು ಲೇಸರ್ ಲೆವೆಲ್ ಹುಡುಕುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಇಲ್ಲ, ಅದಕ್ಕೆ ಸ್ಕ್ಯಾನರ್ ಬೇರೆ ಬರುತ್ತದೆ.

ಯಾವ ಅಳತೆಗೋಲಲ್ಲಿ ತೂಗಬೇಕು

ಮೊದಲನೆಯದು ನಿಖರತೆ. ಡಬ್ಬಿಯ ಮೇಲೆ ಇದನ್ನು ಎರಡು ರೀತಿ ಬರೆದಿರುತ್ತಾರೆ. ಮೀಟರಿಗೆ ±0.3 ಮಿ.ಮೀ. ಅಂತ ಒಂದು, 5 ಮೀಟರಿಗೆ ±3 ಮಿ.ಮೀ. ಅಂತ ಇನ್ನೊಂದು. ಎರಡರಲ್ಲೂ 3 ಕಾಣುತ್ತದೆ, ಆದರೆ ಎರಡನೆಯದು ಮೀಟರಿಗೆ 0.6 ಮಿ.ಮೀ. ಆಯಿತು, ಅಂದರೆ ದುಪ್ಪಟ್ಟು ತಪ್ಪು. 4 ಮೀಟರ್ ಕೋಣೆಯಲ್ಲಿ ಮೊದಲನೆಯದು 1.2 ಮಿ.ಮೀ. ತಪ್ಪಬಹುದು, ಎರಡನೆಯದು 2.4 ಮಿ.ಮೀ. ಮನೆಯಲ್ಲಿ ಇದು ದೊಡ್ಡ ವಿಷಯವಲ್ಲ. ಎದುರುಬದುರು ಗೋಡೆಯ ಬಾಕ್ಸುಗಳಲ್ಲಿ 2 ಮಿ.ಮೀ. ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. 20 ಮೀಟರ್ ಕಾರಿಡಾರ್‌ನಲ್ಲಿ ಕೇಬಲ್ ಟ್ರೇ ಎಳೆಯುವಾಗ ಅದೇ ತಪ್ಪು 6 ಮತ್ತು 12 ಮಿ.ಮೀ. ಆಗುತ್ತದೆ. ಅಲ್ಲಿ ಕಾಣುತ್ತದೆ.

ಮನೆಯಲ್ಲಿ ಕಣ್ಣಿಗೆ ಬೀಳುವುದು ಬೇರೆಯೇ. ಟಿವಿ ಗೋಡೆಯಲ್ಲಿ ಪಕ್ಕಪಕ್ಕ ಇರುವ ಎರಡು ಪ್ಲೇಟುಗಳು, ಇಲ್ಲವೇ ಒಂದೇ ಬಾಕ್ಸಿನ ಓರೆ. 8 ಮಾಡ್ಯೂಲ್ ಬಾಕ್ಸಿನ ಒಂದು ತುದಿ 3 ಮಿ.ಮೀ. ಇಳಿದಿದ್ದರೆ ಪ್ಲೇಟ್ ಹಾಕಿದ ದಿನವೇ ಮನೆಯವರು ಕೇಳುತ್ತಾರೆ. ಅಷ್ಟು ಹತ್ತಿರದ ಅಳತೆಯಲ್ಲಿ ಅಗ್ಗದ ಲೇಸರ್ ಕೂಡ ಹೆಚ್ಚು ತಪ್ಪುವುದಿಲ್ಲ. ತಪ್ಪುವುದು ಸಿಮೆಂಟ್ ತುಂಬುವಾಗ ಬಾಕ್ಸ್ ಜಾರುವುದರಿಂದ. ಹಾಗಾಗಿ ಯಾವ ಲೇಸರ್ ಕೊಂಡರೂ ಒಂದು ಚಿಕ್ಕ ರಸಮಟ್ಟ ಜೇಬಲ್ಲಿ ಇರಲೇಬೇಕು.

ಎರಡನೆಯದು ಗೆರೆ ಕಾಣಬೇಕು. ನಮ್ಮ ಕಣ್ಣಿಗೆ ಬೆಳಕಿನಲ್ಲಿ ಅತಿ ಚೆನ್ನಾಗಿ ಕಾಣುವುದು 555 ನ್ಯಾನೋಮೀಟರ್ ಸುತ್ತಲಿನ ಹಸಿರು. ಹಸಿರು ಲೇಸರ್‌ಗಳು ಸಾಮಾನ್ಯವಾಗಿ 515ರಿಂದ 532ರ ಒಳಗಿವೆ, ಕೆಂಪು 635ರಿಂದ 650. ಅಷ್ಟೇ ಶಕ್ತಿಯಲ್ಲಿ ಹಸಿರು ಎಷ್ಟೋ ಪಾಲು ಜಾಸ್ತಿ ಹೊಳೆಯುತ್ತದೆ. ಕಿಟಕಿ ಬಾಗಿಲು ಇನ್ನೂ ಕೂರಿಸದ ಮನೆಯಲ್ಲಿ ಮಧ್ಯಾಹ್ನದ ಬೆಳಕು ಒಳಗೆಲ್ಲ ಬಂದಿರುತ್ತದೆ, ಅಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಹಸಿರು ಬ್ಯಾಟರಿಯನ್ನು ಬೇಗ ತಿನ್ನುತ್ತದೆ, ಬೆಲೆಯೂ ಜಾಸ್ತಿ. ಬಿಸಿಲಲ್ಲಂತೂ ಎರಡೂ ಕಾಣುವುದಿಲ್ಲ.

ಹೊಳಪು ಹೆಚ್ಚಾದಷ್ಟೂ ಒಳ್ಳೇದು ಅಂತ ಹೋಗಬೇಡಿ. ಡಬ್ಬಿಯ ಮೇಲೆ ಕ್ಲಾಸ್ 2 ಅಂತ ಇದೆಯಾ ನೋಡಿ. ಶಕ್ತಿ 1 ಮಿಲಿವ್ಯಾಟ್ ಮೀರುವುದಿಲ್ಲ, ಅಕಸ್ಮಾತ್ ಕಣ್ಣಿಗೆ ಬಿದ್ದರೂ ರೆಪ್ಪೆ ಮುಚ್ಚಿಕೊಳ್ಳುವಷ್ಟರಲ್ಲಿ ತೊಂದರೆಯಾಗುವುದಿಲ್ಲ ಎಂಬ ಲೆಕ್ಕ ಅದು. ಬೇಕಂತಲೇ ದಿಟ್ಟಿಸಿ ನೋಡಿದರೆ ಕಾಪಾಡುವುದಿಲ್ಲ. ಲೇಬಲ್ಲೇ ಇಲ್ಲದ ಮೆಷಿನ್‌ನಲ್ಲಿ ಎಷ್ಟು ಶಕ್ತಿ ಇದೆಯೋ ಯಾರಿಗೂ ತಿಳಿಯದು, ಮಕ್ಕಳು ಓಡಾಡುವ ಮನೆಯಲ್ಲಿ ಅದನ್ನು ಇಡಬೇಡಿ. ಜೊತೆಗೆ ಬರುವ ಬಣ್ಣದ ಕನ್ನಡಕ ಗೆರೆ ಚೆನ್ನಾಗಿ ಕಾಣಲಿ ಅಂತ ಕೊಡುವುದು. ಕಣ್ಣಿನ ರಕ್ಷಣೆಗೆ ಅಂತ ಅನೇಕರು ತಪ್ಪು ತಿಳಿದಿದ್ದಾರೆ.

ಇನ್ನು ಬ್ಯಾಟರಿ, ಧೂಳು, ಸರ್ವಿಸ್. ಪೆನ್ಸಿಲ್ ಸೆಲ್ ಹಾಕುವ ಮೆಷಿನ್ ಹಳ್ಳಿ ಕಡೆ ಕೆಲಸ ಮಾಡುವವರಿಗೆ ಒಳ್ಳೇದು, ಸೆಲ್ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಚಾರ್ಜ್ ಆಗುವ ಬ್ಯಾಟರಿಯಾದರೆ ಇನ್ನೊಂದು ಬ್ಯಾಟರಿ ಬಿಡಿಯಾಗಿ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿ. ಧೂಳು, ನೀರು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ನಂಬರ್ 54 ಇದ್ದರೆ ಸಾಕು. ಆದರೂ ಗೋಡೆ ಕಟಿಂಗ್ ಶುರುವಾಗುವ ಮುಂಚೆ ಗುರುತು ಮುಗಿಸಿ ಮೆಷಿನ್ ಚೀಲಕ್ಕೆ ಹಾಕಿಬಿಡಿ. ಗಾಜಿನ ಮೇಲೆ ಸಿಮೆಂಟ್ ಧೂಳು ಕೂತರೆ ಗೆರೆ ದಪ್ಪವಾಗಿ ಹರಡುತ್ತದೆ.

ಟ್ಯೂಬ್ ಲೆವೆಲ್ ಸಾಕಾಗುವುದಿಲ್ವಾ?

ಎಷ್ಟೋ ಕಡೆ ಸಾಕಾಗುತ್ತದೆ. ನೀರು ತುಂಬಿದ ಟ್ಯೂಬಿಗೆ ಸೆಲ್ ಬೇಡ, ಸರ್ವಿಸ್ ಬೇಡ. ಲೇಸರ್‌ಗೆ ಆಗದ ಒಂದು ಕೆಲಸವನ್ನೂ ಅದು ಮಾಡುತ್ತದೆ: ಮೂಲೆ ತಿರುಗಿ, ಬಾಗಿಲು ದಾಟಿ, ಒಂದು ಕೋಣೆಯ ಲೆವೆಲನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಲೇಸರ್ ಎದುರು ಕಾಣುವ ಗೋಡೆಗೆ ಮಾತ್ರ. ಟ್ಯೂಬಿನೊಳಗೆ ಗಾಳಿಗುಳ್ಳೆ ಇದ್ದರೆ, ಎರಡು ತುದಿಯಲ್ಲಿ ಒಂದನ್ನು ಬೆರಳಲ್ಲಿ ಮುಚ್ಚಿದ್ದರೆ ಮಾತ್ರ ಅದು ಮೋಸ ಮಾಡುತ್ತದೆ.

ತೊಂದರೆ ಇಷ್ಟೇ, ಇಬ್ಬರು ಬೇಕು. ಒಂದೊಂದು ಬಾಕ್ಸಿಗೂ ಒಂದೊಂದು ಸಲ ಹಿಡಿಯಬೇಕು. ನೆಟ್ಟ ಗೆರೆಗೆ ತೂಗುಗುಂಡು ಬೇರೆ ಬಿಡಬೇಕು. ವರ್ಷಕ್ಕೆ ಒಂದೋ ಎರಡೋ ಮನೆ ಮಾಡುವವರು, ಜೊತೆಗೆ ಹುಡುಗ ಇದ್ದರೆ, ಲೇಸರ್‌ಗೆ ದುಡ್ಡು ಹಾಕುವ ಅವಸರ ಇಲ್ಲ. ಒಬ್ಬರೇ ಕೆಲಸ ಮಾಡುವವರಿಗೆ ಲೆಕ್ಕ ಬೇರೆ, ಅವರಿಗೆ ಅಗ್ಗದ ಲೇಸರ್ ಕೂಡ ಬೇಗ ದುಡ್ಡು ವಾಪಸ್ ಕೊಡುತ್ತದೆ.

ಕೆಂಪು 2 ಗೆರೆ

ಒಂದು ಅಡ್ಡ, ಒಂದು ನೆಟ್ಟ. ಸುಮಾರು ಎರಡು ಮೂರು ಸಾವಿರದಿಂದ ಶುರು. ಬೆಳಕು ಕಡಿಮೆ ಇರುವ ಕೋಣೆಯಲ್ಲಿ, ಐದಾರು ಮೀಟರಿನೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಜನ ಇರುವ ಮನೆಗಳಲ್ಲಿ ರಿಪೇರಿ, ಹೊಸ ಪಾಯಿಂಟ್, ಗೋಡೆ ಲೈಟ್ ಹಾಕುವವರಿಗೆ ಇದು ಸಾಕು, ಪರದೆ ಎಳೆದರೆ ಆಯಿತು. ಖಾಲಿ ಹೊಸ ಕಟ್ಟಡದಲ್ಲಿ ಮಧ್ಯಾಹ್ನ ಇದನ್ನು ನಂಬಿ ಹೋದರೆ ಗೆರೆ ಹುಡುಕುವುದೇ ಕೆಲಸವಾಗುತ್ತದೆ.

ಕೊಳ್ಳುವಾಗ ಒಂದು ನೋಡಿ: ತಾನೇ ಲೆವೆಲ್ ಆಗುವುದಾ, ಅಥವಾ ಗುಳ್ಳೆ ನೋಡಿ ಕೈಯಲ್ಲಿ ಸರಿಮಾಡುವುದಾ? ಕೆಲವು ನೂರು ರೂಪಾಯಿಗೆ ಟೇಪ್ ಜೊತೆ ಬರುವವು ಎರಡನೇ ಜಾತಿ. ಅವು ಆಟಿಕೆ.

ಹಸಿರು 2 ಗೆರೆ, ಮೇಲೆ ಕೆಳಗೆ ಚುಕ್ಕೆ

ಮನೆ ವೈರಿಂಗ್ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಎರಡು ಗೆರೆಯ ಜೊತೆಗೆ ಒಂದು ಚುಕ್ಕೆ ನೇರ ಕೆಳಗೆ, ಒಂದು ನೇರ ಮೇಲೆ. ಈ ಚುಕ್ಕೆಯ ಬೆಲೆ ಗೊತ್ತಾಗುವುದು ಸೀಲಿಂಗ್ ಕೆಲಸದಲ್ಲಿ. ಲೈಟುಗಳ ಜಾಗವನ್ನು ನೆಲದ ಮೇಲೆ ಟೇಪ್ ಹಿಡಿದು ಆರಾಮಾಗಿ ಗುರುತು ಮಾಡಿಕೊಳ್ಳಿ. ಟೈಲ್ಸ್ ಬಿದ್ದಿದ್ದರೆ ಟೈಲ್ಸ್ ಜಾಯಿಂಟೇ ಅಳತೆ. ಕೆಳಗಿನ ಚುಕ್ಕೆಯನ್ನು ಒಂದೊಂದೇ ಗುರುತಿನ ಮೇಲೆ ಇಟ್ಟರೆ ಸೀಲಿಂಗ್‌ನಲ್ಲಿ ಎಲ್ಲಿ ತೂತು ಹೊಡೆಯಬೇಕು ಅಂತ ಮೇಲಿನ ಚುಕ್ಕೆ ತೋರಿಸುತ್ತದೆ. ಏಣಿ ಮೇಲೆ ಟೇಪ್ ಹಿಡಿದು ಕತ್ತು ನೋಯಿಸಿಕೊಳ್ಳುವುದು ತಪ್ಪುತ್ತದೆ. ಬೆಳಕು ಒಂದೇ ಕಡೆ ಸೇರಿರುವುದರಿಂದ ಚುಕ್ಕೆ ಗೆರೆಗಿಂತ ದೂರಕ್ಕೂ ಚೆನ್ನಾಗಿ ಕಾಣುತ್ತದೆ.

ಕೊರತೆ ಅಂದರೆ ಗೆರೆ ಕೋಣೆಯ ಸುತ್ತ ಹೋಗುವುದಿಲ್ಲ. ಎದುರು ಗೋಡೆ, ಅಕ್ಕಪಕ್ಕದ ಗೋಡೆಗಳ ಸ್ವಲ್ಪ ಭಾಗ, ಅಷ್ಟೇ. ನಾಲ್ಕು ಗೋಡೆಗೂ ಬೇಕೆಂದರೆ ತಿರುಗಿಸಬೇಕು. ಸ್ಟ್ಯಾಂಡ್ ಗಟ್ಟಿಯಾಗಿದ್ದರೆ ತಿರುಗಿಸಿದಾಗ ಎತ್ತರ ಬದಲಾಗುವುದಿಲ್ಲ. ಹಾಗಾಗಿ ಮೆಷಿನ್‌ನಲ್ಲಿ ಉಳಿಸಿದ ದುಡ್ಡನ್ನು ಸ್ಟ್ಯಾಂಡಿಗೆ ಹಾಕಿ, ಹಿಡಿಕೆ ತಿರುಗಿಸಿ ಮೇಲೆ ಕೆಳಗೆ ಮಾಡುವಂಥದ್ದು. ಮೆಷಿನ್ ಬುಡದ ಸ್ಕ್ರೂ ಎರಡು ಅಳತೆಯಲ್ಲಿ ಬರುತ್ತದೆ: ಕ್ಯಾಮೆರಾ ಸ್ಟ್ಯಾಂಡಿನ ಕಾಲು ಇಂಚು, ಸರ್ವೇ ಸ್ಟ್ಯಾಂಡಿನ 5/8 ಇಂಚು. ಎರಡೂ ಕೂರುವ ಮೆಷಿನ್ ಆದರೆ ತಲೆನೋವಿಲ್ಲ.

12 ಗೆರೆ, 16 ಗೆರೆ

12 ಗೆರೆ ಅಂದರೆ ನಿಜಕ್ಕೂ ಮೂರು ಸುತ್ತು. ಒಂದು ಅಡ್ಡ ಸುತ್ತು, ಒಂದಕ್ಕೊಂದು ಲಂಬವಾಗಿ ಎರಡು ನೆಟ್ಟ ಸುತ್ತು. ಒಂದೊಂದನ್ನೂ ನಾಲ್ಕು ಅಂತ ಎಣಿಸಿ 12 ಮಾಡಿದ್ದಾರೆ. ಕೋಣೆಯ ನಡುವೆ ಇಟ್ಟರೆ ನಾಲ್ಕು ಗೋಡೆಗೂ ಒಟ್ಟಿಗೆ ಗೆರೆ ಬೀಳುತ್ತದೆ. ಸೀಲಿಂಗ್‌ನಲ್ಲಿ ಪ್ಲಸ್ ಗುರುತು ಬರುತ್ತದೆ, ಲೈಟಿನ ಸಾಲನ್ನು ಎರಡೂ ದಿಕ್ಕಿಗೆ ಒಂದೇ ಸಲ ಹಿಡಿಯಬಹುದು. ಇಂಟೀರಿಯರ್ ಕೆಲಸ, ದಿನಾ ಫಾಲ್ಸ್ ಸೀಲಿಂಗ್, ಒಂದೇ ಸಲ ಇಬ್ಬರು ಮೂವರು ಬೇರೆಬೇರೆ ಗೋಡೆಯಲ್ಲಿ ಬಾಕ್ಸ್ ಕೂರಿಸುವುದು, ಇಂಥವರಿಗೆ ಇದು ನಿಜವಾಗಿಯೂ ಸಮಯ ಉಳಿಸುತ್ತದೆ.

ಒಂದು ಮಾತು ಮಾತ್ರ ನೆನಪಿಡಿ. ಈ ಜಾತಿಯ ಕೆಲವು ಮೆಷಿನ್‌ಗಳಲ್ಲಿ ಕೆಳಗೆ ಗೆರೆ ಕೂಡುವ ಜಾಗ ಮೆಷಿನ್ನಿನ ಬುಡದಲ್ಲೇ ಮುಚ್ಚಿಹೋಗುತ್ತದೆ. ಸೀಲಿಂಗ್‌ನ ಪ್ಲಸ್ ನಿಮ್ಮ ನೆಲದ ಗುರುತಿನ ನೇರ ಮೇಲೇ ಬೀಳುತ್ತದಾ ಅಂತ ಒಮ್ಮೆ ತೂಗುಗುಂಡು ಬಿಟ್ಟು ನೋಡಿಕೊಳ್ಳಿ.

16 ಗೆರೆಯದರಲ್ಲಿ ನೆಲಕ್ಕೆ ಹತ್ತಿರ ಇನ್ನೊಂದು ಅಡ್ಡ ಸುತ್ತು ಸಿಗುತ್ತದೆ. ಅದು ಟೈಲ್ಸ್ ಹಾಕುವವರಿಗೆ. ಎಲೆಕ್ಟ್ರಿಷಿಯನ್‌ಗೆ ಅದರಿಂದ ಸಿಗುವ ಲಾಭ ಕಡಿಮೆ, ಪರೀಕ್ಷೆ ಮಾಡಬೇಕಾದ ಗೆರೆ ಮಾತ್ರ ಒಂದು ಜಾಸ್ತಿ. ಎಲ್ಲಾ ಗೆರೆ ಒಟ್ಟಿಗೆ ಹಾಕಿದರೆ ಬ್ಯಾಟರಿಯೂ ಬೇಗ ಮುಗಿಯುತ್ತದೆ.

ಬೆಲೆಯಲ್ಲಿ ಅಜಗಜಾಂತರ. ಹೆಸರಿಲ್ಲದ 12 ಗೆರೆ ಸುಮಾರು ಐದು ಸಾವಿರದ ಆಸುಪಾಸು, ಬಾಷ್, ಡಿವಾಲ್ಟ್‌ನಂಥವರ ಮೂರು ಸುತ್ತಿನದಕ್ಕೆ ಅದರ ಎಷ್ಟೋ ಪಟ್ಟು. ಹೆಸರಿಲ್ಲದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅವು ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ತೊಂದರೆ ಅದು. ಒಂದೇ ಡಬ್ಬಿ, ಒಂದೇ ಮಾಡೆಲ್, ಒಂದು ಪಕ್ಕಾ ಬರುತ್ತದೆ, ಇನ್ನೊಂದು ವಾಲಿರುತ್ತದೆ. ಬಿದ್ದು ತಪ್ಪು ತೋರಿಸಲು ಶುರುಮಾಡಿದರೆ ಸರಿಮಾಡಿಕೊಡುವವರು ಸಿಗುವುದು ಕಷ್ಟ.

ತಿರುಗುವ ಲೇಸರ್

ರೋಟರಿ ಲೇಸರ್ ಸೈಟ್ ಲೆವೆಲ್, ಕಾಂಪೌಂಡ್, ದೊಡ್ಡ ಗೋಡೌನ್‌ಗೆ. ಬಿಸಿಲಲ್ಲಿ ಗೆರೆ ಕಣ್ಣಿಗೆ ಕಾಣದಿದ್ದರೂ ರಿಸೀವರ್ ಹಿಡಿದರೆ ಶಬ್ದ ಮಾಡಿ ಹೇಳುತ್ತದೆ. ವೈರಿಂಗ್‌ಗೆ ಅಂತಲೇ ಇದನ್ನು ಕೊಳ್ಳಬೇಡಿ. ಆಗೊಮ್ಮೆ ಈಗೊಮ್ಮೆ ಹೊರಗಡೆ ಕೆಲಸ ಬಂದರೆ ಪಲ್ಸ್ ಮೋಡ್ (ರಿಸೀವರ್ ಗುರುತಿಸುವಂತೆ ಗೆರೆ ಅತಿ ವೇಗವಾಗಿ ಮಿಟುಕುವುದು) ಇರುವ ಗೆರೆ ಲೇಸರ್, ಅದಕ್ಕೆ ಹೊಂದುವ ರಿಸೀವರ್ ಸಾಕು. ಪಲ್ಸ್ ಮೋಡ್ ಇಲ್ಲದ್ದಕ್ಕೆ ರಿಸೀವರ್ ಕೊಂಡು ಪ್ರಯೋಜನ ಇಲ್ಲ.

ದುಡ್ಡು ಕೊಡುವ ಮೊದಲು

ಈ ಪರೀಕ್ಷೆಗೆ ಸುಮಾರು 5 ಮೀಟರ್ ದೂರದ ಎರಡು ಗೋಡೆ, ಒಂದು ಪೆನ್ಸಿಲ್ ಸಾಕು. ಅಂಗಡಿಯಲ್ಲಿ ಜಾಗ ಇಲ್ಲದಿದ್ದರೆ ವಾಪಸ್ ಮಾಡುವ ಅವಧಿಯೊಳಗೆ ಮನೆಯಲ್ಲಿ ಮಾಡಿ.

ಮೆಷಿನ್ನನ್ನು ಮೊದಲ ಗೋಡೆಯ ಪಕ್ಕ ಇಟ್ಟು ಅಡ್ಡ ಗೆರೆ ಅಲ್ಲಿ ಬಿದ್ದ ಎತ್ತರ ಗುರುತು ಮಾಡಿ. ಹಾಗೇ ತಿರುಗಿಸಿ ಎದುರು ಗೋಡೆಯಲ್ಲೂ ಗುರುತು ಹಾಕಿ. ಈಗ ಮೆಷಿನ್ನನ್ನು ಎದುರು ಗೋಡೆಯ ಪಕ್ಕಕ್ಕೆ ಒಯ್ಯಿರಿ. ಅಲ್ಲಿನ ಗುರುತಿಗೆ ಗೆರೆ ಸರಿಯಾಗಿ ಕೂರುವಂತೆ ಸ್ಟ್ಯಾಂಡ್ ಏರಿಸಿ ಇಳಿಸಿ. ಮತ್ತೆ ತಿರುಗಿಸಿ ಮೊದಲ ಗೋಡೆ ನೋಡಿ. ಗೆರೆ ಮೊದಲ ಗುರುತಿನ ಮೇಲೇ ಬಿದ್ದರೆ ಮೆಷಿನ್ ಸರಿಯಿದೆ. ಮೀಟರಿಗೆ 0.3 ಮಿ.ಮೀ. ಅಂತ ಹೇಳಿಕೊಂಡ ಮೆಷಿನ್‌ಗೆ ಇಲ್ಲಿ 3 ಮಿ.ಮೀ.ವರೆಗೆ ವ್ಯತ್ಯಾಸ ಬಿಡಬಹುದು, ಯಾಕೆಂದರೆ ಹೋಗಿ ಬಂದು 10 ಮೀಟರ್ ಆಯಿತು. ಅದಕ್ಕಿಂತ ಜಾಸ್ತಿ ಬಂದರೆ ವಾಪಸ್ ಕೊಡಿ.

ನೆಟ್ಟ ಗೆರೆಗೆ ಬಾಗಿಲಿನ ಮೇಲಿಂದ ತೂಗುಗುಂಡು ಬಿಟ್ಟು, ಅದರ ದಾರದ ಪಕ್ಕ ಗೆರೆ ಹಾಕಿ ಮೇಲಿಂದ ಕೆಳಗೆ ಹೋಲಿಸಿ. ಗೆರೆಯೇ 2–3 ಮಿ.ಮೀ. ದಪ್ಪ ಇರುವುದರಿಂದ ಯಾವಾಗಲೂ ಅದರ ನಡುವೆಯೇ ಗುರುತು ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ಮೆಷಿನ್ ಕೆಳಗೆ ಬಿದ್ದ ದಿನ ಈ ಎರಡನ್ನೂ ಮತ್ತೆ ಮಾಡಿ, ಆಮೇಲೇ ಕೆಲಸ.

ತಂದ ಮೇಲೆ

ಅತಿ ದುಬಾರಿ ಲೇಸರ್ ಕೂಡ ತಪ್ಪು ನೆಲದಿಂದ ಅಳೆದರೆ ತಪ್ಪೇ ತೋರಿಸುತ್ತದೆ. ವೈರಿಂಗ್ ಸಮಯದಲ್ಲಿ ನೆಲ ಇನ್ನೂ ಆಗಿರುವುದಿಲ್ಲ. ಒಂದು ಕೋಣೆಯಲ್ಲಿ ಕಾಂಕ್ರೀಟ್ ಎದ್ದಿರುತ್ತದೆ, ಇನ್ನೊಂದರಲ್ಲಿ ತಗ್ಗು. ಟೈಲ್ಸ್ ಬಿದ್ದ ಮೇಲೆ ನೆಲ ಎಲ್ಲಿಗೆ ಬರುತ್ತದೆ ಅಂತ ಮೇಸ್ತ್ರಿಯನ್ನು ಕೇಳಿ, ಅಲ್ಲಿಂದ 1000 ಮಿ.ಮೀ. ಎತ್ತರಕ್ಕೆ ಒಂದು ಗೆರೆ ಇಡೀ ಮನೆಗೆ ಹೊಡೆಯಿರಿ. ಬಚ್ಚಲು ಮನೆಯ ನೆಲ ತಗ್ಗಿದ್ದರೂ ಅದೇ ಗೆರೆ. ಮುಂದಿನ ಎಲ್ಲಾ ಅಳತೆ ಈ ಗೆರೆಯಿಂದ.

ಬಾಕ್ಸ್ ಕೂರಿಸುವಾಗ ಲೇಸರ್ ಗೆರೆಯನ್ನು ಬಾಕ್ಸಿನ ತಳಕ್ಕೇ ತರಬೇಕು ಅಂತ ಗುದ್ದಾಡಬೇಡಿ. ಗೆರೆ ಎಲ್ಲಿ ಬೀಳುತ್ತದೋ ಬೀಳಲಿ. ಒಂದು ರೀಪರ್ (ಮರದ ಪಟ್ಟಿ) ತುಂಡು ತಗೊಂಡು ಲೇಸರ್ ಗೆರೆಗೆ ಒಂದು ಗುರುತು, ಬಾಕ್ಸಿನ ತಳಕ್ಕೆ ಒಂದು ಗುರುತು ಹಾಕಿ. ಆ ತುಂಡನ್ನು ಗೋಡೆಯಿಂದ ಗೋಡೆಗೆ ಒಯ್ಯುತ್ತಾ ಹೋಗಿ, ಲೇಸರ್ ಗುರುತು ಗೆರೆಗೆ ಕೂತರೆ ಇನ್ನೊಂದು ಗುರುತು ಬಾಕ್ಸಿನ ತಳ. ಟೇಪ್ ಓದುವಾಗ ಆಗುವ ತಪ್ಪು ಇದರಲ್ಲಿ ಇರುವುದಿಲ್ಲ. ಸ್ಟ್ಯಾಂಡಿಗೆ ಯಾರಾದರೂ ಕಾಲು ತಾಗಿಸಿದರೆ ಮಾತ್ರ ರೀಪರ್ ಗುರುತು ಹೊಸದಾಗಿ ಹಾಕಬೇಕು.

ಪ್ಲಾಸ್ಟರ್ ಆಗದ ಇಟ್ಟಿಗೆ ಗೋಡೆಯಲ್ಲಿ ನೆಟ್ಟ ಗೆರೆ ಹಾಕುವಾಗ ಮೆಷಿನ್ ಗೋಡೆಗೆ ಎದುರಾಗಿ ನಿಲ್ಲಲಿ. ಓರೆಯಿಂದ ಹಾಕಿದರೆ ಗೋಡೆಯ ಉಬ್ಬುತಗ್ಗಿಗೆ ಗೆರೆ ಹಾವಿನ ಹಾಗೆ ಹರಿದಾಡುತ್ತದೆ. ಪಕ್ಕದ ಕೋಣೆಯಲ್ಲಿ ಗೋಡೆ ಒಡೆಯುವ ಬ್ರೇಕರ್ ಮೆಷಿನ್ ಓಡುತ್ತಿದ್ದರೆ ಗೆರೆ ನಡುಗುತ್ತದೆ, ಅದು ನಿಲ್ಲುವವರೆಗೆ ಕಾಯಬೇಕು. ಒಳಗೆ ತೂಗಾಡುವ ಲೋಲಕ ಇರುವುದರಿಂದ ಸುಮಾರು 3–4 ಡಿಗ್ರಿ ಓರೆವರೆಗೆ ಮಾತ್ರ ಅದು ತಾನೇ ಸರಿಹೋಗುತ್ತದೆ. ಬೈಕಿನಲ್ಲಿ ಒಯ್ಯುವಾಗ ಲಾಕ್ ಹಾಕದಿದ್ದರೆ ಈ ಲೋಲಕವೇ ಮೊದಲು ಹಾಳಾಗುವುದು. ಲಾಕ್ ಹಾಕಿಯೂ ಗೆರೆ ಬರುವ ಮೆಷಿನ್ ಆದರೆ ಮೆಟ್ಟಿಲ ಪಕ್ಕದ ಓರೆ ಪೈಪಿಗೆ ಉಪಯೋಗವಾಗುತ್ತದೆ. ಆಗ ಬರುವ ಗೆರೆ ಲೆವೆಲ್ ಅಲ್ಲ ಅನ್ನುವುದು ಜೊತೆಯ ಹುಡುಗರಿಗೂ ಗೊತ್ತಿರಲಿ. ಅದೇ ಕೋಣೆಯಲ್ಲಿ ಕಾರ್ಪೆಂಟರ್ ಕೂಡ ಲೇಸರ್ ಇಟ್ಟಿದ್ದರೆ ಅವರ ಬಣ್ಣ ಯಾವುದು ಕೇಳಿ, ನೀವು ಬೇರೆ ಬಣ್ಣ ಬಳಸಿ.

ಯಾರು ಯಾವುದು

ರಿಪೇರಿ, ಚಿಕ್ಕಪುಟ್ಟ ಪಾಯಿಂಟ್ ಕೆಲಸವೇ ಜಾಸ್ತಿ ಇದ್ದರೆ ತಾನೇ ಲೆವೆಲ್ ಆಗುವ ಕೆಂಪು 2 ಗೆರೆ. ಹೊಸ ಮನೆಗಳ ವೈರಿಂಗ್ ಹಿಡಿಯುವವರಿಗೆ ಚುಕ್ಕೆ ಇರುವ ಹಸಿರು 2 ಗೆರೆ, ಹತ್ತು ಸಾವಿರದ ಆಸುಪಾಸು ಬಜೆಟ್ ಇದ್ದರೆ ನಿಮ್ಮ ಊರಲ್ಲಿ ಸರ್ವಿಸ್ ಇರುವ ಕಂಪನಿಯದು, ಜೊತೆಗೆ ಗಟ್ಟಿ ಸ್ಟ್ಯಾಂಡ್. ಅಷ್ಟು ಆಗದಿದ್ದರೆ ಹೆಸರಿಲ್ಲದ ಹಸಿರು ಕೂಡ ಆದೀತು, ಮೇಲಿನ ಎರಡೂ ಪರೀಕ್ಷೆಯಲ್ಲಿ ಪಾಸಾಗಿ, ವಾಪಸ್ ಕೊಡುವ ಅವಕಾಶ ಇದ್ದರೆ ಮಾತ್ರ. ಫಾಲ್ಸ್ ಸೀಲಿಂಗ್, ಆಫೀಸ್ ಇಂಟೀರಿಯರ್ ದಿನಾ ಇರುವ ತಂಡಕ್ಕೆ ಮೂರು ಸುತ್ತಿನದು. ಕೇಬಲ್ ಟ್ರೇ ಕೆಲಸ ಇರುವವರು ಅದರಲ್ಲೂ ಮೀಟರಿಗೆ 0.3 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ತಪ್ಪಿನದನ್ನೇ ನೋಡಿ, ಕಬ್ಬಿಣಕ್ಕೆ ಅಂಟುವ ಮ್ಯಾಗ್ನೆಟ್ ಬ್ರಾಕೆಟ್ ಜೊತೆಗೆ ತಗೊಳ್ಳಿ. ಇನ್ನು ಸ್ವಂತ ಮನೆ ಕಟ್ಟಿಸುತ್ತಾ ಕಂಟ್ರಾಕ್ಟರ್ ಕೆಲಸ ಪರೀಕ್ಷೆ ಮಾಡಲು ಒಂದು ಬೇಕು ಅನ್ನುವವರು ಸುಮ್ನೆ ಮೆಷಿನ್ ಕೊಳ್ಳುವ ಬದಲು ಹತ್ತು ಮೀಟರ್ ಟ್ಯೂಬ್ ತಂದು, ಪ್ಲಾಸ್ಟರ್ ಆಗುವ ಮೊದಲು ಮನೆಯ ಆ 1000 ಮಿ.ಮೀ. ಗೆರೆಯನ್ನು ಒಂದು ಭಾನುವಾರ ನೋಡಿಬಿಡಿ.